ಮನೆಯಂಗಳಕ್ಕೊಪ್ಪುವ ಮುಳ್ಳುಗೋರಂಟಿ

ಠಾಣೆ, ಡೊಂಬಿವಲಿ, ಕಲ್ಯಾಣ ಮತ್ತು ನವಿ ಮುಂಬಯಿ ಪ್ರದೇಶದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ 2,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ಉಳಿದ ತಿಂಗಳುಗಳಲ್ಲಿ ನೆಲ ಬಹುಮಟ್ಟಿಗೆ ಒಣಗಿರುತ್ತದೆ. ಈ ಎರಡನ್ನೂ ಸಹಿಸಬಲ್ಲ ಹೂಗಿಡವನ್ನು ಅರಸುವವರು ದೂರ ಹೋಗಬೇಕಾಗಿಲ್ಲ. ಈ ನೆಲದ್ದೇ ಆದ ಮುಳ್ಳುಗೋರಂಟಿ ಬೆಟ್ಟದ ತಪ್ಪಲಲ್ಲಿ, ಬೇಲಿಯ ಮಗ್ಗುಲಲ್ಲಿ ತಾನಾಗಿಯೇ ಬೆಳೆಯುತ್ತದೆ.

ಮರಾಠಿಯಲ್ಲಿ ಇದನ್ನು ಕೋರಾಂಟಿ ಎನ್ನುತ್ತಾರೆ. ಕನ್ನಡನಾಡಿನ ಕೆಲವು ಕಡೆ ಮದರಂಗಿಗೂ ಗೋರಂಟಿಯೆಂಬ ಹೆಸರಿರುವುದರಿಂದ ಗಿಡ ಕೊಳ್ಳುವಾಗ ಗೊಂದಲ ಬೇಡ. ಇದು ಬೇರೆಯೇ ಸಸ್ಯ. 1753ರಲ್ಲಿ ಲಿನೇಯಸ್ ಇದಕ್ಕೆ ಬಾರ್ಲೇರಿಯಾ ಪ್ರಿಯೊನೈಟಿಸ್ ಎಂದು ಹೆಸರಿಟ್ಟನು. ಕುಲದ ಹೆಸರು 17ನೆಯ ಶತಮಾನದ ಫ್ರೆಂಚ್ ಸನ್ಯಾಸಿ ಹಾಗೂ ಸಸ್ಯಜ್ಞ ಜಾಕ್ ಬಾರೆಲಿಯೇ ಅವರ ಸ್ಮರಣಾರ್ಥವಾದುದು.

ಗಿಡ ಸಾಮಾನ್ಯವಾಗಿ ಒಂದರಿಂದ ಒಂದೂವರೆ ಮೀಟರ್ ಎತ್ತರಕ್ಕೆ ಬೆಳೆಯುತ್ತದೆ. ಎಲೆಗಳ ಕಂಕುಳಲ್ಲಿ ಚೂಪಾದ ಮುಳ್ಳುಗಳಿರುತ್ತವೆ. ಮಳೆಗಾಲ ಮುಗಿಯುತ್ತಿದ್ದಂತೆ ಕಿತ್ತಳೆ ಛಾಯೆಯ ಹಳದಿ ಹೂಗಳು ಅರಳತೊಡಗಿ, ಚಳಿಗಾಲವಿಡೀ ಬಿಡುತ್ತಿರುತ್ತವೆ. ಸುತ್ತಲಿನ ಹಸುರು ಬಾಡುವ ಹೊತ್ತಿನಲ್ಲಿ ಇದು ಹೂವಾಡುವುದೇ ಇದರ ಹೆಚ್ಚುಗಾರಿಕೆ. ಮಾಗಿದ ಕಾಯಿ ಸಿಡಿದು ಎರಡು ಚಪ್ಪಟೆ ಬೀಜಗಳನ್ನು ದೂರಕ್ಕೆ ಎಸೆಯುತ್ತದೆ. ಲೆಮನ್ ಪ್ಯಾನ್ಸಿ ಎಂಬ ಚಿಟ್ಟೆಯ ಮರಿಹುಳುಗಳಿಗೆ ಇದರ ಎಲೆ ಆಹಾರ. ಆದ್ದರಿಂದ ಎಲೆಯಲ್ಲಿ ಕೆಲವು ತೂತುಗಳು ಕಂಡ ಮಾತ್ರಕ್ಕೆ ಕೀಟನಾಶಕ ಸಿಂಪಡಿಸುವುದು ಸರಿಯಲ್ಲ.

ಬೆಳೆಸುವುದು ಸುಲಭ. ಮಳೆಗಾಲದ ಆರಂಭದಲ್ಲಿ ಗೇಣುದ್ದದ ಬಲಿತ ಕಡ್ಡಿಗಳನ್ನು ನೆಟ್ಟರೆ ಬೇರು ಬಿಡುತ್ತವೆ. ಬಿಸಿಲು ಬೀಳುವ ಜಾಗವಿರಲಿ. ಬುಡದಲ್ಲಿ ನೀರು ನಿಲ್ಲಬಾರದು. ಬಾಲ್ಕನಿಯ ಕುಂಡದಲ್ಲಿ ನೆಡುವವರು ತಳದ ರಂಧ್ರ ಮುಚ್ಚಿಕೊಂಡಿಲ್ಲವೆಂಬುದನ್ನು ಮಳೆಗಾಲಕ್ಕೆ ಮೊದಲೇ ನೋಡಿಕೊಳ್ಳಬೇಕು. ಹೂ ಮುಗಿದ ಮೇಲೆ ಗಿಡವನ್ನು ಗಿಡ್ಡವಾಗಿ ಸವರಿದರೆ ಮುಂದಿನ ಸಲ ಒತ್ತಾಗಿ ಚಿಗುರುತ್ತದೆ. ಸಾಲಾಗಿ ನೆಟ್ಟರೆ ಆಡು-ದನಗಳು ನುಗ್ಗದ ಬೇಲಿಯಾಗುತ್ತದೆ. ಮಕ್ಕಳು ಆಡುವ ಕಡೆ ಮಾತ್ರ ಬೇಡ. ಅಲ್ಲಿಗೆ ಕಾಂಡದಲ್ಲಿ ಮುಳ್ಳಿಲ್ಲದ, ನೇರಳೆ ಅಥವಾ ಬಿಳಿ ಹೂ ಬಿಡುವ ಇದರ ಬಂಧು ಸ್ಫಟಿಕ ಗಿಡವೇ ಲೇಸು.

ಹಲ್ಲುನೋವಿಗೆ ಇದರ ಎಲೆಯನ್ನು ಅಗಿಯುವ ರೂಢಿ ಹಳ್ಳಿಗಳಲ್ಲುಂಟು; ಆಯುರ್ವೇದದಲ್ಲಿ ಇದು ಸಹಚರವೆಂದು ಪ್ರಸಿದ್ಧ. ಆದರೆ ವೈದ್ಯರ ಸಲಹೆಯಿಲ್ಲದೆ ಔಷಧವಾಗಿ ಸೇವಿಸತಕ್ಕದ್ದಲ್ಲ.

ಸ್ಥಳೀಯ ಗಿಡವೇ ಏಕೆ ಎಂಬ ಪ್ರಶ್ನೆ ಸಹಜ. ಉದ್ಯಾನದ ಅಲಂಕಾರಕ್ಕೆಂದು 19ನೆಯ ಶತಮಾನದ ಆರಂಭದಲ್ಲಿ ಭಾರತಕ್ಕೆ ತಂದ ಅಮೆರಿಕ ಮೂಲದ ಲಂಟಾನ ಇಂದು ನಮ್ಮ ಕಾಡುಗಳನ್ನು ಆಕ್ರಮಿಸಿದೆ. ವಿಚಿತ್ರವೆಂದರೆ, ನಮ್ಮಲ್ಲಿ ನಿರುಪದ್ರವಿಯಾದ ಮುಳ್ಳುಗೋರಂಟಿಯೇ ಉತ್ತರ ಆಸ್ಟ್ರೇಲಿಯದಲ್ಲಿ ಉಪದ್ರವಕಾರಿ ಕಳೆಯೆನಿಸಿದೆ! ಆದ್ದರಿಂದ ವಿದೇಶದಲ್ಲಿರುವ ನೆಂಟರಿಗೆ ಇದರ ಬೀಜ ಕಳುಹಿಸುವುದು ತರವಲ್ಲ.

ಠಾಣೆಗೆ ಅಂಟಿಕೊಂಡಿರುವ ಯೇವೂರಿನ ಕಾಡು ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಭಾಗ. ವನ್ಯಜೀವಿ ಸಂರಕ್ಷಣಾ ಕಾಯಿದೆ, 1972ರ ಪ್ರಕಾರ ಅಲ್ಲಿಂದ ಅನುಮತಿಯಿಲ್ಲದೆ ಗಿಡ ಕೀಳುವುದು ಅಪರಾಧ. ಸಸಿಯನ್ನು ನರ್ಸರಿಯಿಂದ ಕೊಳ್ಳಬಹುದು. ನೆರೆಮನೆಯ ಬೇಲಿಯಲ್ಲಿದ್ದರೆ ಕೇಳಿ ಪಡೆದ ನಾಲ್ಕು ಕಡ್ಡಿಗಳೇ ಸಾಕು.