ಸೀಟ್ ಮೆತ್ತಗಿದ್ರೂ ನೋವು ಯಾಕೆ?

ಬೆಂಗಳೂರಿಂದ ಚಿಕ್ಕಮಗಳೂರಿಗೆ ಬೈಕಲ್ಲಿ ಹೋಗಿದ್ದೀರಾ?
ಸುಮಾರು 250 ಕಿಲೋಮೀಟರ್.
ಕುಣಿಗಲ್ ತನಕ ಆರಾಮ.
ಚನ್ನರಾಯಪಟ್ಟಣ ಬರೋ ಹೊತ್ತಿಗೆ
ಸೀಟಲ್ಲಿ ಆ ಕಡೆ, ಈ ಕಡೆ ಜರುಗೋಕೆ ಶುರು.
ಯಾಕೆ ಗೊತ್ತಾ?

ಕೂತಾಗ ನಮ್ಮ ಭಾರ ಹೊರೋದು
ಕುಂಡಿಯ ಎರಡು ಮೂಳೆ.
ತೋಟದ ಪೈಪ್ ಮೇಲೆ ಕಾಲಿಟ್ರೆ
ನೀರು ಕಟ್ಟುತ್ತಲ್ಲ?
ಹಾಗೇ ಅಲ್ಲಿ ಒತ್ತಡ ಬಿದ್ದು
ರಕ್ತದ ಓಡಾಟ ಕಡಿಮೆಯಾಗುತ್ತೆ.
ಮೊದಲು ಜೋಮು.
ಆಮೇಲೆ ನೋವು.

ಮೆತ್ತನೆ ಸೀಟ್ ಹಾಕಿಸಿದ್ರೆ ಸರಿಹೋಗುತ್ತಾ?
ಇಲ್ಲ. ಎಲ್ಲರೂ ತಪ್ಪೋದು ಇಲ್ಲೇ.
ತೀರಾ ಮೆತ್ತನೆ ಸ್ಪಂಜು
ಕೂತಷ್ಟೂ ಕುಸಿಯುತ್ತೆ.
ಕೊನೆಗೆ ಮೂಳೆಗೆ ತಳವೇ ತಾಗುತ್ತೆ.
ದೂರದ ದಾರಿಗೆ
ಸ್ವಲ್ಪ ಗಟ್ಟಿ, ಸ್ವಲ್ಪ ಅಗಲ ಇರೋ ಸೀಟೇ ಒಳ್ಳೇದು.
ಸೀಟ್ ಹೊಲಿಯೋರಿಗೆ ಗಟ್ಟಿ ಫೋಮ್ ಹಾಕೋಕೆ ಹೇಳಿ.

ಹಿಂದಿನ ಜೇಬಿನ ಪರ್ಸ್ ತೆಗೆದಿಡಿ.
ದಪ್ಪ ಹೊಲಿಗೆಯ ಜೀನ್ಸ್ ಬೇಡ.
ಬೆವರಿಗೆ ಬೇಗ ಒಣಗೋ ಬಟ್ಟೆ ಹಾಕಿ;
ಒದ್ದೆ ಬಟ್ಟೆ ಉಜ್ಜಿ ಉಜ್ಜಿ ಚರ್ಮ ಕೆಂಪಾಗುತ್ತೆ.

ಮಂಡಿಯಿಂದ ಟ್ಯಾಂಕ್ ಹಿಡೀರಿ.
ಹಂಪ್ ಬಂದಾಗ ಫುಟ್‌ರೆಸ್ಟ್ ಮೇಲೆ ಭಾರ ಹಾಕಿ
ಸೀಟಿಂದ ಸ್ವಲ್ಪ ಮೇಲೇಳಿ.
ಏಟು ಬೆನ್ನಿಗಲ್ಲ, ಕಾಲಿಗೆ ಹೋಗುತ್ತೆ.

ಇವೆಲ್ಲಕ್ಕಿಂತ ದೊಡ್ಡ ಔಷಧಿ, ಇಳಿಯೋದು.
ನೋವು ಬರೋ ಮೊದಲೇ ಇಳೀರಿ.
ಗಂಟೆಗೊಮ್ಮೆ, ಐದು ನಿಮಿಷ.
ನಡೆದಾಡಿ, ನೀರು ಕುಡೀರಿ.
ಆ ಪೈಪಿಂದ ಕಾಲು ತೆಗೆದ ಹಾಗೆ.

ಹಿಂದೆ ಕೂತಿರೋರನ್ನೂ ಒಂದು ಮಾತು ಕೇಳಿ.
ಅವರ ಸೀಟ್ ಎಷ್ಟೋ ಬೈಕಲ್ಲಿ ನಿಮ್ಮದಕ್ಕಿಂತ ಚಿಕ್ಕದು.
ಅವರು ಸಾಕು ಅಂದ್ರೆ,
ಅಲ್ಲೇ ಗಾಡಿ ನಿಲ್ಸಿ.