ಒಂದು ಡಿಗ್ರಿ, ಎರಡು ಓದು: 18 ಕ್ರೆಡಿಟ್ಟಿಗೆ ಟೈಮೆಲ್ಲಿ?

ಎಂಜಿನಿಯರಿಂಗ್ ಓದುವ ಮಕ್ಕಳಿರುವ ಮನೆಗಳಲ್ಲಿ ಈಗೊಂದು ಹೊಸ ಮಾತು ಕೇಳಿಬರುತ್ತಿದೆ. ಅದರ ಹೆಸರು 'ಮೈನರ್'. ಮೈನರ್ ಎಂದ ಕೂಡಲೆ ಕೋರ್ಟು, ಪೋಷಕರ ಸಹಿ ಎಂದೆಲ್ಲ ಗಾಬರಿಯಾಗಬೇಡಿ. ಇದು ಓದಿನ ಮೈನರು. ಹುಡುಗ ಮೆಕ್ಯಾನಿಕಲ್ಲೋ ಎಲೆಕ್ಟ್ರಾನಿಕ್ಸೋ ಓದುತ್ತಿರುತ್ತಾನೆ. ಅದು ಮುಖ್ಯ ವಿಷಯ. ಜೊತೆಗೆ ಇನ್ನೊಂದು ಶಾಸ್ತ್ರವನ್ನು ಉಪವಿಷಯವಾಗಿ ಓದಿ ಪಾಸಾದರೆ ಅದಕ್ಕೂ ಮನ್ನಣೆ ಉಂಟು. ಹಾಗೆ ಓದಬಹುದಾದ ವಿಷಯಗಳಲ್ಲಿ ಒಂದು ಹ್ಯೂಮನ್-ಕಂಪ್ಯೂಟರ್ ಇಂಟರಾಕ್ಷನ್, ಚುಟುಕಾಗಿ ಎಚ್.ಸಿ.ಐ. ಮನುಷ್ಯನಿಗೂ ಯಂತ್ರಕ್ಕೂ ಹೊಂದಾಣಿಕೆ ಮಾಡಿಸುವ ವಿದ್ಯೆ ಎನ್ನಿ.

"ಒಂದನ್ನ ಓದಿ ಪಾಸಾಗೋದೇ ಕಷ್ಟ, ಎರಡನೇದು ಯಾಕಪ್ಪಾ ನಿಂಗೆ?" ಗಲ್ಲಾದ ಮುಂದೆ ಕೂತ ಅಪ್ಪ ಹೀಗೆ ಕೇಳಿದರೆ ತಪ್ಪಿಲ್ಲ. ಫೀಸು ಕಟ್ಟುವವರು ಅವರೇ ತಾನೆ?

ಏನಿದು ವಿದ್ಯೆ?

ತಳ್ಳಬೇಕಾದ ಬಾಗಿಲಿಗೆ ಎಳೆಯುವ ಹಿಡಿ ಹಾಕಿದರೆ ಜನ ಎಳೆದೇ ಎಳೆಯುತ್ತಾರೆ. ತಪ್ಪು ಜನರದಲ್ಲ, ಬಾಗಿಲು ಮಾಡಿದವನದು. ಅಮೆರಿಕದ ಡೊನಾಲ್ಡ್ ನಾರ್ಮನ್ 1988ರ ತಮ್ಮ ಪುಸ್ತಕದಲ್ಲಿ ಮಾಡಿದ ವಾದದ ತಿರುಳು ಇದು. ಅದಕ್ಕೂ ಮುಂಚೆ 1954ರಲ್ಲಿ ಪಾಲ್ ಫಿಟ್ಸ್ ಎಂಬ ಮನಶ್ಶಾಸ್ತ್ರಜ್ಞರು ಕೈಗೆ ಹತ್ತಿರ ಇರುವ, ದೊಡ್ಡದಾಗಿರುವ ಗುರಿಯನ್ನು ಮುಟ್ಟಲು ಕಡಿಮೆ ಹೊತ್ತು ಸಾಕು ಎಂಬುದನ್ನು ಲೆಕ್ಕಕ್ಕಿಳಿಸಿದರು. ಸಕ್ಕರೆ ಮೂಟೆಯನ್ನು ತಕ್ಕಡಿ ಪಕ್ಕದಲ್ಲೇ ಇಡುವ ನಮ್ಮ ಕಿರಾಣಿ ಅಂಗಡಿಯವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ! ಮೊಬೈಲಿನ ಗುಂಡಿಗಳನ್ನು ಎಲ್ಲಿಡಬೇಕು, ಎಷ್ಟು ದೊಡ್ಡದಾಗಿ ಇಡಬೇಕು ಎಂದು ಯೋಚಿಸುವವರಿಗೆ ಅದೇ ಲೆಕ್ಕ ಈಗಲೂ ಆಧಾರ.

ಮತಯಂತ್ರವನ್ನೇ ನೋಡಿ. ಬೆಂಗಳೂರಿನ ಬಿ.ಇ.ಎಲ್. ಮತ್ತು ಹೈದರಾಬಾದಿನ ಇ.ಸಿ.ಐ.ಎಲ್. ಇದನ್ನು ತಯಾರಿಸುತ್ತವೆ. ಗುಂಡಿ ಒತ್ತಿದರೆ ಕೆಂಪು ದೀಪ, 'ಬೀಪ್' ಸದ್ದು, ಪಕ್ಕದ ಪೆಟ್ಟಿಗೆಯ ಗಾಜಿನೊಳಗೆ 7 ಸೆಕೆಂಡು ಕಾಣುವ ಚೀಟಿ. ಓದು ಬಾರದ ಅಜ್ಜಿಗೂ ಚಿಹ್ನೆ ನೋಡಿ ಓಟು ಬಿತ್ತೆಂದು ಗೊತ್ತಾಗುತ್ತದೆ. ಅಂಗಡಿಯಲ್ಲಿ 'ಇಷ್ಟು ರೂಪಾಯಿ ಬಂತು' ಎಂದು ಕೂಗುವ ಪೆಟ್ಟಿಗೆಯೂ ಅಷ್ಟೇ. ಎಣ್ಣೆ ಕೈಯಲ್ಲಿ ಮೊಬೈಲು ಮುಟ್ಟುವ ತಾಪತ್ರಯ ತಪ್ಪಿತಲ್ಲ, ಅದೇ ಈ ವಿದ್ಯೆ.

ಲೆಕ್ಕ ಹಾಕಿ ನೋಡಿ

ಈಗ ಖರ್ಚಿನ ಕಡೆ ಬನ್ನಿ. ದುಡ್ಡಿನದಲ್ಲ, ಹೊತ್ತಿನದು. ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು 2018ರಲ್ಲಿ ಕೊಟ್ಟ ಮಾದರಿ ಪಠ್ಯಕ್ರಮದ ಪ್ರಕಾರ ಎಂಜಿನಿಯರಿಂಗ್ ಪದವಿಗೆ 160 ಕ್ರೆಡಿಟ್ಟು. ಮೈನರ್ ಬೇಕೆಂದರೆ ಅದರ ಮೇಲೆ ಇನ್ನೂ 18ರಿಂದ 20. ಒಂದು ಕ್ರೆಡಿಟ್ ಎಂದರೆ ಸೆಮಿಸ್ಟರ್ ಪೂರ್ತಿ ವಾರಕ್ಕೆ ಒಂದು ಗಂಟೆ ಪಾಠ. ಲ್ಯಾಬ್ ಆದರೆ ಎರಡು ಗಂಟೆ.

18ನ್ನು ನಾಲ್ಕು ಸೆಮಿಸ್ಟರಿಗೆ ಹಂಚಿದರೆ ವಾರಕ್ಕೆ ನಾಲ್ಕೈದು ಗಂಟೆ ಪಾಠ ಬರುತ್ತದೆ. ಮನೆಯಲ್ಲಿ ಅಷ್ಟೇ ಹೊತ್ತು ಬರೆಯೋದು, ಓದೋದು ಎಂದಿಟ್ಟುಕೊಂಡರೂ ವಾರಕ್ಕೆ ಒಂಬತ್ತು ಹತ್ತು ಗಂಟೆ. ಹಾಸ್ಟೆಲಿನಲ್ಲಿರುವ ಹುಡುಗನಿಗೆ ಇದು ಅಂಥ ಹೊರೆಯಲ್ಲ. ಅರಸೀಕೆರೆಯಿಂದ ಹಾಸನಕ್ಕೆ ದಿನಾ ಬಸ್ಸಿನಲ್ಲಿ ಓಡಾಡುವ ಹುಡುಗಿಯ ಪಾಡೇನು? ಹೋಗಿ ಬರಲು, ಸ್ಟಾಂಡಿನಲ್ಲಿ ಕಾಯಲು ದಿನಕ್ಕೆ ಎರಡೂವರೆ ಗಂಟೆ ಎಂದರೂ ವಾರಕ್ಕೆ 15 ಗಂಟೆ ರಸ್ತೆಯ ಪಾಲು. ಸಂಜೆ ಮನೆ ಸೇರಿದ ಮೇಲೆ ಅಮ್ಮನಿಗೆ ಕೈಜೋಡಿಸುವ ಕೆಲಸ ಬೇರೆ. 'ಮೈನರ್ ತಗೋ' ಎಂದು ಕಾಲೇಜಿನಲ್ಲಿ ಹೇಳುವವರು ಈ 15 ಗಂಟೆಯನ್ನು ಲೆಕ್ಕಕ್ಕೆ ಹಿಡಿಯುವುದು ಕಡಿಮೆ.

ಬಸ್ಸಿನಲ್ಲೇ ಓದಬಹುದಲ್ಲ ಎನ್ನುವವರು ಒಮ್ಮೆ ಬೆಳಗಿನ ಎಂಟರ ಬಸ್ಸು ಹತ್ತಿ ನೋಡಲಿ. ಕಂಬಿ ಹಿಡಿದು ನಿಂತವಳು ಬರೆಯುವುದು ಸಾಧ್ಯವಿಲ್ಲ, ಕೇಳುವುದು ಸಾಧ್ಯ. ರಾತ್ರಿ ಪಾಠದ ವಿಡಿಯೋ ಇಳಿಸಿಕೊಂಡು ಬೆಳಿಗ್ಗೆ ಕಿವಿಗೆ ಹಾಕಿಕೊಳ್ಳುವುದು ಒಂದು ದಾರಿ. ಬರೆಯುವ ಕೆಲಸಕ್ಕೆ ಮಾತ್ರ ಮನೆಯ ಮೇಜೇ ಬೇಕು.

ನಾಲ್ಕು ವಾರದ ಉಳಿತಾಯ

ಹಲವು ಕಡೆ ಈ ಹೆಚ್ಚಿನ ಕ್ರೆಡಿಟ್ಟುಗಳನ್ನು ಕೇಂದ್ರ ಸರ್ಕಾರದ ಎನ್.ಪಿ.ಟಿ.ಇ.ಎಲ್. ಪಾಠಗಳ ಮೂಲಕ ಗಳಿಸಬಹುದು. ಗುವಾಹಟಿ ಐ.ಐ.ಟಿ. ಅಧ್ಯಾಪಕರು ಮಾಡಿದ ಎಚ್.ಸಿ.ಐ. ಪಾಠ ಅಲ್ಲಿದೆ. ಪಾಠ ಬಿಟ್ಟಿ, ಪರೀಕ್ಷೆಗೆ ಕೂತರೆ ಮಾತ್ರ ಫೀಸು. 12 ವಾರದ ಒಂದು ಕೋರ್ಸಿಗೆ 3 ಕ್ರೆಡಿಟ್ಟು, ಅಂದರೆ 18ಕ್ಕೆ ಅಂಥ ಆರು ಕೋರ್ಸು. ಎಲ್ಲ ಕೋರ್ಸೂ ಎಲ್ಲ ಕಡೆ ಲೆಕ್ಕಕ್ಕೆ ಬರುವುದಿಲ್ಲ. ತಮ್ಮ ವಿಶ್ವವಿದ್ಯಾಲಯದ ಪಟ್ಟಿ ನೋಡಿಯೇ ಹೆಸರು ಬರೆಸಬೇಕು.

ಅಂಕದಲ್ಲಿ 75 ಪಾಲು ಪರೀಕ್ಷೆಗೆ, 25 ಪಾಲು ವಾರವಾರದ ಲೆಕ್ಕಗಳಿಗೆ. ಆ 25ಕ್ಕೆ 12 ವಾರಗಳಲ್ಲಿ ಚೆನ್ನಾಗಿ ಮಾಡಿದ 8ನ್ನು ಮಾತ್ರ ಹಿಡಿಯುತ್ತಾರೆ. ಅಂದರೆ 4 ವಾರ ಬಿಟ್ಟರೂ ನಡೆಯುತ್ತದೆ. ಈ ನಾಲ್ಕನ್ನು ಮುಖ್ಯ ವಿಷಯದ ಇಂಟರ್ನಲ್ಸ್ ಬರುವ ವಾರಗಳಿಗೆ ಉಳಿಸಿಕೊಂಡವರು ಬಚಾವು. ಮೊದಲ ತಿಂಗಳಲ್ಲೇ ಸೋಮಾರಿತನಕ್ಕೆ ಖರ್ಚು ಮಾಡಿದವರು ಕೊನೆಗೆ ಎರಡೂ ಕಡೆ ಒದ್ದಾಡಬೇಕು.

ಎರಡನ್ನೂ ಕೂಡಿಸುವುದು

ಹೊತ್ತು ಉಳಿಸುವ ಇನ್ನೊಂದು ಉಪಾಯ ಎರಡು ಓದನ್ನೂ ಒಂದೇ ಕೆಲಸದಲ್ಲಿ ಕೂಡಿಸುವುದು. ಎಲೆಕ್ಟ್ರಾನಿಕ್ಸ್ ಹುಡುಗಿ ತೆಂಗಿನ ತೋಟದ ಪಂಪುಸೆಟ್ಟನ್ನು ಮೊಬೈಲಿನಿಂದ ಚಾಲೂ ಮಾಡುವ ಪೆಟ್ಟಿಗೆಯನ್ನು ಪ್ರಾಜೆಕ್ಟಾಗಿ ಮಾಡಿದಳೆನ್ನಿ. ಅದನ್ನೇ ಐದು ಜನ ರೈತರ ಕೈಗೆ ಕೊಟ್ಟು, ಎಲ್ಲಿ ತಡವರಿಸುತ್ತಾರೆಂದು ಸುಮ್ಮನೆ ನೋಡಿ ಬರೆದರೆ ಎಚ್.ಸಿ.ಐ. ಕೆಲಸವೂ ಆಯಿತು. ಐದು ಜನ ಸಾಕೆಂಬುದು ಈ ಕ್ಷೇತ್ರದ ಹೆಸರಾಂತ ಜೇಕಬ್ ನೀಲ್ಸನ್ 2000ದಲ್ಲಿ ಹೇಳಿದ ಮಾತು. ಬಹುಪಾಲು ತೊಡಕು ಅಷ್ಟರಲ್ಲೇ ಬಯಲಾಗುತ್ತದೆ. ಆದರೆ ಒಂದೇ ವರದಿಯನ್ನು ಎರಡು ಕಡೆ ಕೊಟ್ಟು ಅಂಕ ಕೇಳುವಂತಿಲ್ಲ. ಇಬ್ಬರು ಮೇಷ್ಟ್ರ ಒಪ್ಪಿಗೆಯನ್ನೂ ಮೊದಲೇ ಪಡೆಯಬೇಕು.

ಎರಡು ವಿದ್ಯೆ ಕೂಡಿದರೆ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. ಲಿಪಿಯ ಮರ್ಮವನ್ನೂ ಕಂಪ್ಯೂಟರಿನ ಮರ್ಮವನ್ನೂ ಬಲ್ಲ ಕೆ.ಪಿ. ರಾವ್ ಅವರು ಇಂಗ್ಲಿಷಿನ 26 ಕೀಲಿಗಳಲ್ಲೇ ಇಡೀ ಕನ್ನಡ ಮೂಡುವ ಕೀಲಿಮಣೆ ಕೊಟ್ಟರು. ಬರೀ ಕಂಪ್ಯೂಟರು ಬಲ್ಲವರಿಂದ ಆಗುವ ಕೆಲಸವಲ್ಲ ಅದು.

ಯಾರಿಗೆ ಬೇಡ?

ಮುಖ್ಯ ವಿಷಯದಲ್ಲೇ ಪೇಪರು ಉಳಿಸಿಕೊಂಡವರಿಗೆ ಈ ಗೋಜು ಬೇಡ. ಪದವಿ ಸಿಗುವುದು 160ಕ್ಕೆ. 18 ಅದರ ಮೇಲಿನದು. ಮೈನರ್ ಬಿಟ್ಟರೆ ಮಾನ ಹೋಗುವುದಿಲ್ಲ. ಮುಖ್ಯದ್ದು ಬಿದ್ದರೆ ಅಪ್ಪ ಕಟ್ಟಿದ ಫೀಸು, ಹುಡುಗಿಯ ವರ್ಷ ಎರಡೂ ಹೋದವು. ಎಚ್.ಸಿ.ಐ. ಹುಚ್ಚು ಹಿಡಿದವರಿಗೆ ಪದವಿ ಮುಗಿದ ಮೇಲೂ ಬಾಗಿಲು ತೆರೆದಿರುತ್ತದೆ. 'ಸೀಡ್' ಎಂಬ ಪ್ರವೇಶ ಪರೀಕ್ಷೆ ಬರೆದು ಮುಂಬೈ ಐ.ಐ.ಟಿ.ಯಲ್ಲಿ 1969ರಿಂದಿರುವ ವಿನ್ಯಾಸ ಶಾಲೆಯಂಥ ಕಡೆ ಎಂ.ಡಿಸ್. ಓದಬಹುದು.

ಆದ್ದರಿಂದ ಅಪ್ಪಂದಿರು 'ಯಾಕಪ್ಪಾ' ಎನ್ನುವ ಬದಲು 'ಯಾವಾಗ ಓದ್ತೀಯಮ್ಮಾ?' ಎಂದು ಕೇಳಲಿ. ಸೆಮಿಸ್ಟರ್ ಶುರುವಾಗುವ ಮುಂಚೆ ಒಂದು ಹಾಳೆಯಲ್ಲಿ ವಾರದ ಏಳು ದಿನ ಬರೆದು, ಕ್ಲಾಸು, ಬಸ್ಸು, ಮನೆಗೆಲಸ ಕಳೆದು ಹತ್ತು ಗಂಟೆ ತೋರಿಸಿದವಳಿಗೆ ಧಾರಾಳವಾಗಿ ಹೂಂ ಎನ್ನಬಹುದು. ಇನ್ನು ಅಂಗಡಿಯವರಲ್ಲೊಂದು ಮಾತು: ನೋಟುಬುಕ್ಕು ಹಿಡಿದ ಕಾಲೇಜು ಹುಡುಗಿ ಬಂದು, "ಅಣ್ಣಾ, ನೀವು ಮೊಬೈಲಲ್ಲಿ ಲೆಕ್ಕ ಹೆಂಗೆ ನೋಡ್ತೀರಿ, ಸ್ವಲ್ಪ ತೋರಿಸ್ತೀರಾ?" ಎಂದರೆ ಗದರಿ ಕಳಿಸಬೇಡಿ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಹತ್ತು ನಿಮಿಷ ಕೊಡಿ.