ಕುಂಬಾರ ಗುಡ್ಡದ ಊರಿನಲ್ಲಿ ತಿಗರಿ

ಬಳ್ಳಾರಿಗೆ ಎರಡು ಗುಡ್ಡ. ಒಂದರ ನೆತ್ತಿಯ ಮೇಲೆ ಕೋಟೆ. ಇನ್ನೊಂದನ್ನು ಆಗ್ನೇಯದಿಂದ ನೋಡಿದರೆ ಬಂಡೆಗಳಲ್ಲಿ ಮನುಷ್ಯನ ಮುಖ ಮೂಡುತ್ತದೆ. ಅದೇ ಕುಂಬಾರ ಗುಡ್ಡ. ಬಿಸಿಲು ನಲವತ್ತು ಡಿಗ್ರಿ ದಾಟಿ ಎರಡೂ ಗುಡ್ಡಗಳು ರಾತ್ರಿಯವರೆಗೂ ಕಾವು ಉಗುಳುವ ದಿನಗಳಲ್ಲಿ ರಸ್ತೆ ಬದಿಯಲ್ಲಿ ಹರವಿಗಳು ಸಾಲುಗಟ್ಟುತ್ತವೆ. ಕೆಂಪು ಮೈ, ಗಿಡ್ಡ ಕೊರಳು, ಹೊರಚಾಚಿದ ಬಾಯಿ. ಸುಟ್ಟ ಮಣ್ಣಿನ ಸಣ್ಣ ಸಣ್ಣ ರಂಧ್ರಗಳಿಂದ ನೀರು ಒಸರಿ ಆವಿಯಾಗುವಾಗ ಒಳಗಿನ ಶಾಖವನ್ನೂ ಹೊತ್ತೊಯ್ಯುತ್ತದೆ. ಗಾಳಿ ಒಣಗಿದಷ್ಟೂ ತಂಪು ಹೆಚ್ಚು. ಕರಾವಳಿಯ ಜಿಗುಟು ಸೆಕೆಯಲ್ಲಿ ಅಷ್ಟೇನೂ ತಣಿಯದ ನೀರು ಇಲ್ಲಿ ಗಂಟಲು ನಡುಗಿಸುವುದು ಅದಕ್ಕೇ.

ರಜೆಯ ದಿನ ತಿಗರಿಯ ಮುಂದೆ ಕೂತು ಕೈ ಕೆಸರು ಮಾಡಿಕೊಳ್ಳುವ ಆಸೆ ಈಗ ಊರೂರಲ್ಲಿ ಹಬ್ಬಿದೆ. ದೊಡ್ಡ ನಗರಗಳ ಸ್ಟುಡಿಯೊಗಳಲ್ಲಿ ಹದಮಾಡಿದ ಮಣ್ಣು ಪ್ಯಾಕೆಟ್ಟಿನಲ್ಲಿ ಬರುತ್ತದೆ, ಗುಂಡಿ ಒತ್ತಿದರೆ ಕರೆಂಟಿನ ತಿಗರಿ ತಿರುಗುತ್ತದೆ. ಅದೂ ಕಲಿಕೆಯೇ. ಆದರೆ ಬಳ್ಳಾರಿ, ಕುರುಗೋಡು, ಸಿರುಗುಪ್ಪದವರಿಗೆ ಅದಕ್ಕಿಂತ ದೊಡ್ಡ ಭಾಗ್ಯವಿದೆ. ಅವರು ಮಣ್ಣು ತುಳಿಯುವುದರಿಂದ ಶುರುಮಾಡಬಹುದು.

ಈ ಸೀಮೆಯ ಎರೆ ಮಣ್ಣು ಹತ್ತಿ ಬೆಳೆಯುವವರ ಸಂಪತ್ತು, ಮಡಕೆ ಮಾಡುವವರಿಗೆ ಪೇಚು. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಾಯಿಬಿಡುತ್ತದೆ. ಹೊಲದಲ್ಲಿ ಕಾಣುವ ಬಿರುಕೇ ಗಡಿಗೆಯಲ್ಲೂ ಮೂಡುತ್ತದೆ. ಹಾಗಾಗಿ ಕೆರೆಯ ಅಂಗಳದ ಜೇಡಿ ಬೇಕು, ಅದಕ್ಕೆ ಸಣ್ಣ ಮರಳು, ಬೂದಿ ಬೆರೆಯಬೇಕು. ಮನೆಯಂಗಳದಲ್ಲಿ ನೆನೆಹಾಕಿದ ಮಣ್ಣನ್ನು ಹಿಮ್ಮಡಿಯಿಂದ ತುಳಿಯುತ್ತಾ ಸುತ್ತು ಬರುವಾಗ ಕಾಲಿಗೆ ಮೊದಲು ಕಲ್ಲಿನ ಚೂರುಗಳು ತಗಲುತ್ತವೆ. ಒಂದೊಂದನ್ನೇ ಬಗ್ಗಿ ಹೆಕ್ಕಬೇಕು. ಬರಬರುತ್ತಾ ಮಣ್ಣು ನಯವಾಗಿ, ಪಾದಕ್ಕೆ ಅಂಟುವುದು ನಿಲ್ಲುತ್ತದೆ. ಹದ ಬಂದದ್ದು ಪಾದಕ್ಕೇ ಗೊತ್ತಾಗುತ್ತದೆ.

ಆಮೇಲೆ ತಿಗರಿ. ಕೋಲು ಸಿಕ್ಕಿಸಿ ಬೀಸಿ ತಿರುವಿದರೆ ಚಕ್ರ ತನ್ನ ಭಾರಕ್ಕೆ ತಾನೇ ಓಡುತ್ತದೆ. ಕಾಲೇಜು ಓದುವ ಹುಡುಗಿ ಕುಂಬಾರ ಅಜ್ಜನ ಮುಂದೆ ಕೂತು ಮುದ್ದೆಯನ್ನು ನಡುವಿಗೆ ತರಲು ಹೆಣಗುತ್ತಿದ್ದಾಳೆ, ಮುಂಗೈಯವರೆಗೂ ಕೆಸರು.

“ಅಜ್ಜಾ, ಒಂದು ಕಡೆ ವಾಲಾಕತ್ತೈತಲ್ಲ!”

“ಮೊಣಕೈ ತೊಡಿಗೆ ಆನಿಸಿಕೊಳ್ಳವ್ವ. ನೀನು ಅಲುಗಾಡಬ್ಯಾಡ, ಮಣ್ಣು ತಾನಾ ನಡುವಿಗೆ ಬರ್ತೈತಿ.”

ಹೆಬ್ಬೆರಳು ಒತ್ತಿದಲ್ಲಿ ಗುಳಿ ಬೀಳುತ್ತದೆ, ಗುಳಿ ಅಗಲವಾಗುತ್ತದೆ, ಗೋಡೆ ಏಳುತ್ತದೆ. ಆದರೆ ಹರವಿ ತಿಗರಿಯ ಮೇಲೆ ಪೂರ್ತಿಯಾಗುವುದಿಲ್ಲ ಎಂಬುದು ಹೊಸಬರಿಗೆ ಅಚ್ಚರಿ. ಚಕ್ರ ಕೊಡುವುದು ಕೊರಳು, ಬಾಯಿ, ದಪ್ಪ ಗೋಡೆಯ ಮೈ ಅಷ್ಟೆ. ತುಸು ಬಿರುಸಾದ ಮೇಲೆ ಒಳಗೆ ದುಂಡು ಕಲ್ಲು ಹಿಡಿದು, ಹೊರಗೆ ಮರದ ಹಲಗೆಯಿಂದ ತಟ್ಟಿ ತಟ್ಟಿ ಹೊಟ್ಟೆ ಉಬ್ಬಿಸಬೇಕು, ತಳ ಮುಚ್ಚಬೇಕು. ಓಣಿಯ ತುದಿಗೂ ಕೇಳುವ ಆ ಟಪ್ ಟಪ್ ಸದ್ದಿನಲ್ಲೇ ಈ ಕಸುಬಿನ ಅರ್ಧ ಜಾಣ್ಮೆ ಇದೆ. ಹವ್ಯಾಸಕ್ಕೆ ಬರುವವರು ತಿಗರಿಯ ಬೆರಗಿನಲ್ಲಿ ಇದನ್ನು ಬಿಟ್ಟುಬಿಟ್ಟರೆ ನನಗೆ ಸಂಕಟವಾಗುತ್ತದೆ.

ಏಕೆಂದರೆ ಈ ನೆಲದಲ್ಲಿ ಕೈ ಮೊದಲು, ಚಕ್ರ ಆಮೇಲೆ. ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಯ ಗುಡ್ಡಗಳಲ್ಲಿ ಎಂ.ಎಸ್. ನಾಗರಾಜರಾವ್ 1960ರ ದಶಕದಲ್ಲಿ ಉತ್ಖನನ ನಡೆಸಿದಾಗ ಸಿಕ್ಕ ನವಶಿಲಾಯುಗದ ಮಡಕೆಗಳಲ್ಲಿ ಹೆಚ್ಚಿನವು ಕೈಯಲ್ಲೇ ಮಾಡಿದ ಬೂದುಬಣ್ಣದವು. ಸುಮಾರು 4,000 ವರ್ಷಗಳ ಹಿಂದಿನ ಆ ಜನ ತೀರಿಕೊಂಡ ಮಕ್ಕಳನ್ನು ಮಡಕೆಯಲ್ಲಿಟ್ಟು ಮಣ್ಣು ಮಾಡುತ್ತಿದ್ದರು. ಬಳ್ಳಾರಿಯ ಮಗ್ಗುಲಲ್ಲೇ ಇರುವ ಸಂಗನಕಲ್ಲಿನದೂ ಅದೇ ಕಾಲದ ಬದುಕು. ಅಲ್ಲಿನ ವಸ್ತುಗಳನ್ನು ಬಳ್ಳಾರಿಯ ರಾಬರ್ಟ್ ಬ್ರೂಸ್ ಫೂಟ್ ವಸ್ತುಸಂಗ್ರಹಾಲಯದಲ್ಲಿ ಕಣ್ಣಾರೆ ನೋಡಬಹುದು. ತಿಗರಿಯಲ್ಲಿ ಎತ್ತಿದ, ಒಳಗೆ ಕಪ್ಪು ಹೊರಗೆ ಕೆಂಪಿನ ಮಡಕೆಗಳು ಬಂದದ್ದು ಕಬ್ಬಿಣದ ಕಾಲದಲ್ಲಿ. ಕಲಿಯುವವರೂ ಇದೇ ದಾರಿಯಲ್ಲಿ ಬರಲಿ: ಮೊದಲು ಬೆರಳಲ್ಲಿ ಚಿವುಟಿ ಒಂದು ಕುಡಿಕೆ, ಹೊಸೆದ ಮಣ್ಣು ಸುತ್ತಿ ಒಂದು ಬೋಗುಣಿ, ಆಮೇಲೆ ಚಕ್ರ.

ಕುರುಗೋಡಿನಲ್ಲಿ ದೊಡ್ಡಬಸವೇಶ್ವರ ಏಕಶಿಲೆಯಲ್ಲಿ ಕೂತಿದ್ದಾನೆ. ಅವನು ಕಲ್ಲಿನ ಬಸವ; ಮನೆಗೆ ಬರುವುದು ಮಣ್ಣಿನ ಪುಟ್ಟ ಬಸವ. ಜ್ಯೇಷ್ಠ ಮಾಸ ಮುಗಿಯುವ ಮಣ್ಣೆತ್ತಿನ ಅಮಾವಾಸ್ಯೆಗೆ ಈ ಭಾಗದ ಮನೆ ಮನೆಗೂ ಅಂಗೈ ಮೇಲೆ ಕೂರುವ ಜೋಡಿ ಎತ್ತು ಬರುತ್ತವೆ. ಅವಕ್ಕೆ ತಿಗರಿಯೂ ಬೇಡ, ಸುಡುವ ಆವಿಗೆಯೂ ಬೇಡ. ಹಿಣಿಲು, ಕೋಡು, ಎದುರಿಗೊಂದು ಪುಟ್ಟ ಗೋದಲಿ. ಪೂಜೆ ಮುಗಿದ ಮೇಲೆ ನೀರಿಗೆ. ಹೊಸ ಕೈಗೆ ಇದಕ್ಕಿಂತ ಒಳ್ಳೆಯ ಮೊದಲ ಪಾಠ ನನಗೆ ತಿಳಿದಿಲ್ಲ. ನಾಲ್ಕು ಕಾಲೂ ನೆಲಕ್ಕೆ ಸಮನಾಗಿ ಊರುವಂತೆ ಮಾಡಿದರೆ ಮಣ್ಣಿನ ಭಾರ ಎಲ್ಲಿ ನಿಲ್ಲುತ್ತದೆಂದು ಬೆರಳಿಗೆ ತಿಳಿಯುತ್ತದೆ.

ಎತ್ತಿಗೆ ಬೇಡವಾದ ಆವಿಗೆ ಗಡಿಗೆಗೆ ಬೇಕೇ ಬೇಕು. ಸಿರುಗುಪ್ಪದ ಕಡೆ ತುಂಗಭದ್ರೆಯ ನೀರಿಗೆ ಭತ್ತ ದಂಡಿಯಾಗಿ ಬೆಳೆಯುವುದರಿಂದ ಹುಲ್ಲಿಗೂ ಹೊಟ್ಟಿಗೂ ಬರವಿಲ್ಲ. ಆವಿಗೆಯಲ್ಲಿ ಗಡಿಗೆಗಳನ್ನು ಬೋರಲು ಪೇರಿಸಿ, ಕಟ್ಟಿಗೆ, ಕುಳ್ಳು, ಹುಲ್ಲು ಹೊದಿಸಿ, ಮೇಲೆ ಕೆಸರು ಮೆತ್ತುತ್ತಾರೆ. ಮೊದಲು ಮಂದ ಉರಿ. ಆತುರಪಟ್ಟರೆ ಒಳಗಿನ ನೀರು ಆವಿಯಾಗಿ ಮಡಕೆಯನ್ನೇ ಸಿಡಿಸುತ್ತದೆ. ಶಾಖ ಸುಮಾರು 600 ಡಿಗ್ರಿ ಮುಟ್ಟುವಷ್ಟರಲ್ಲಿ ಜೇಡಿಯ ಕಣಕಣದೊಳಗೆ ಬೆಸೆದುಕೊಂಡಿದ್ದ ನೀರೂ ಬಿಟ್ಟುಹೋಗುತ್ತದೆ. ಆ ಮೇಲೆ ಅದನ್ನು ನೆನೆಸಿ ಮತ್ತೆ ಮಣ್ಣು ಮಾಡಲಾಗದು. ಗಾಳಿ ಆಡಿದ ಕಡೆ ಕೆಂಪು, ಹೊಗೆ ಕಟ್ಟಿದ ಕಡೆ ಕಪ್ಪು.

ಆವಿಗೆ ತಣಿದ ಬೆಳಗ್ಗೆ ಅಜ್ಜ ಬೂದಿ ಸರಿಸಿ ಒಂದೊಂದನ್ನೇ ಎತ್ತಿ ಬೆರಳ ಗೆಣ್ಣಿನಿಂದ ಬಡಿಯುತ್ತಾನೆ. ಚೆನ್ನಾಗಿ ಬೆಂದದ್ದು ಕಂಚಿನಂತೆ ನುಡಿಯುತ್ತದೆ. ಹುಡುಗಿಯ ಗಡಿಗೆ ತಳದಲ್ಲಿ ಸೀಳಿದೆ. ಅಜ್ಜ ಅದನ್ನು ಮುರಿದು ಒಡಕಿನ ಅಂಚು ತೋರಿಸುತ್ತಾನೆ; ಎರಡು ಕೆಂಪು ಪದರಗಳ ನಡುವೆ ಕಪ್ಪು ಗೆರೆ.

“ಇಷ್ಟು ದಪ್ಪ ಬಿಟ್ಟೀ ನೋಡು, ಒಳಗ ಬೆಂದೇ ಇಲ್ಲ. ನಾಳೆ ತಳ ತೆಳ್ಳಗ ಮಾಡು.”

“ಎಷ್ಟೊತ್ತಿಗೆ ಬರ್ಲಿ ಅಜ್ಜಾ?”

“ಬಿಸಿಲು ಏರೋದ್ರೊಳಗ ಬಾ. ಮಣ್ಣು ನೀನಾ ತುಳೀಬೇಕು.”